ಸ್ವರ್ಣಾ ಹೊಳೆಯಲ್ಲಿ 55 ಪೌಂಡಿನ ಟ್ರೋಲಿಂಗ್ ಮೋಟರ್: ಮೋಟರಿಗಿಂತ ವಯರಿನ ಕತೆಯೇ ಜಾಸ್ತಿ

ಔಟ್‌ಬೋರ್ಡ್ (ದೋಣಿಯ ಹಿಂದೆ ಕಟ್ಟುವ ಇಂಧನದ ಇಂಜಿನ್) ಮಾರಿ ಬ್ಯಾಟರಿಯಲ್ಲಿ ಓಡುವ ಈ ಸಣ್ಣ ಟ್ರೋಲಿಂಗ್ ಮೋಟರನ್ನೇ ಕಟ್ಟಿಕೊಳ್ಳಬಹುದಾ ಅಂತ ಕೇಳುವವರಿಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ: ಬೇಡ. ಔಟ್‌ಬೋರ್ಡ್ ಅದರ ಜಾಗದಲ್ಲಿ ಇರಲಿ, ಪಕ್ಕಕ್ಕೆ ಇದೂ ಇರಲಿ. ಔಟ್‌ಬೋರ್ಡ್ ಇಲ್ಲದೆ ಹುಟ್ಟು ಹಾಕಿ, ಜಲ್ಲ (ಉದ್ದ ಗಳ) ಊರಿ, ಹೊಳೆಯ ಒಳಗೊಳಗೇ ಗಾಳ ಹಾಕುವವರು ಮಾತ್ರ ಇದೊಂದನ್ನೇ ನಂಬಬಹುದು. ಅದೂ ಭರತ-ಇಳಿತದ ಲೆಕ್ಕ ಬಾಯಲ್ಲಿ ಇದ್ದರೆ.

ನನ್ನದು ಉಡುಪಿಯ ಸಂತೆಕಟ್ಟೆಯಲ್ಲಿ ಆಟೋ ಎಲೆಕ್ಟ್ರಿಕಲ್ ಕೆಲಸ. ಸೆಲ್ಫ್ ಮೋಟರ್, ಡೈನಮೋ, ವೈಪರ್ ಮೋಟರ್ ಬಿಚ್ಚಿ ಕಟ್ಟುವುದೇ ದಿನದ ಉದ್ಯೋಗ. ಮನೆ ಕೆಮ್ಮಣ್ಣಿನಲ್ಲಿ, ಹೊಳೆಬದಿ. 14 ಅಡಿಯ ಫೈಬರ್ ದೋಣಿ ಒಂದುಂಟು. ರಜೆ ಸಿಕ್ಕಿದಾಗ ಕುದ್ರುಗಳ (ಹೊಳೆಯ ನಡುಗಡ್ಡೆಗಳ) ಸುತ್ತ ಕಾಂಡ್ಲಾ ಮರದ ಬೇರಿನ ಬುಡದಲ್ಲಿ ಕೆಂಬೇರಿ ಮೀನಿಗೆ, ಮನಸ್ಸಾದರೆ ಅಳಿವೆ ಬದಿಯ ಕೋಡಿ ಬೆಂಗ್ರೆ ಕಡೆ ಕುರುಡಿ ಮೀನಿಗೆ ಹೋಗುವುದು. ಹಾಗಾಗಿ ಈ ವಿಮರ್ಶೆಯಲ್ಲಿ ಮೀನಿನ ಮಾತು ಕಮ್ಮಿ, ಆಂಪಿಯರ್ ಮಾತು ಜಾಸ್ತಿ. ಬೇಡದವರು ಬ್ಯಾಟರಿಯ ಭಾಗ ಮಾತ್ರ ಓದಿ ಉಳಿದದ್ದು ಬಿಟ್ಟರೂ ನಡೆಯುತ್ತದೆ.

ಬ್ರ್ಯಾಂಡಿನ ಹೆಸರು ಹೇಳುವುದಿಲ್ಲ. ನಾನು ತರಿಸಿದ್ದು ಆನ್‌ಲೈನಿನಲ್ಲಿ ನಾಲ್ಕಾರು ಹೆಸರಲ್ಲಿ ಸಿಗುವ ಮೋಟರು. ಬಣ್ಣ, ಸ್ಟಿಕ್ಕರ್ ಬೇರೆ, ಒಳಗಿನ ಮಾಲು ಹೆಚ್ಚುಕಡಿಮೆ ಒಂದೇ. 12 ವೋಲ್ಟ್, 55 ಪೌಂಡ್ ತಳ್ಳುವ ಶಕ್ತಿ, ಮುಂದಕ್ಕೆ 5 ಸ್ಪೀಡ್, ಹಿಂದಕ್ಕೆ 3. ಮೇಲೆ ತಿರುಗಿಸುವ ಹಿಡಿ, ನಡುವೆ ಫೈಬರ್‌ಗ್ಲಾಸಿನ ದಂಡ, ಕೆಳಗೆ ನೀರಿನಲ್ಲಿ ಮುಳುಗಿರುವ ಮೋಟರಿನ ಗುಂಡು, ಅದಕ್ಕೆ ಫ್ಯಾನು. ಒಳಗಿರುವುದು ಕಾಯಂ ಅಯಸ್ಕಾಂತ, ಆರ್ಮೇಚರ್ (ತಂತಿ ಸುತ್ತಿದ, ತಿರುಗುವ ಭಾಗ), ಎರಡು ಕಾರ್ಬನ್ ಬ್ರಶ್. ಸೆಲ್ಫ್ ಮೋಟರ್ ರಿಪೇರಿ ಮಾಡುವವನಿಗೆ ಹೊಸದು ಎಂಥದ್ದೂ ಇಲ್ಲ. ಮನೆಗೆ ಬಂದು ಬೀಳುವಾಗ ಮೂವತ್ತು ಸಾವಿರದ ಹತ್ತಿರ ಆಯಿತು. ಬ್ಯಾಟರಿಗೂ ಹೆಚ್ಚುಕಡಿಮೆ ಅಷ್ಟೇ. ಈ ಎರಡನೆಯ ಲೆಕ್ಕ ಹಾಕದೆ ಬುಕ್ ಮಾಡಬೇಡಿ.

55 ಪೌಂಡ್ ಅಂದರೆ ಎಷ್ಟು? ಪೂರ್ತಿ ಸ್ಪೀಡಿನಲ್ಲಿ ಮೋಟರು ಸುಮಾರು 50 ಆಂಪಿಯರ್ ಎಳೆಯುತ್ತದೆ. 12 ವೋಲ್ಟಿಗೆ ಗುಣಿಸಿದರೆ 600 ವ್ಯಾಟ್. ಒಂದು ಹಾರ್ಸ್‌ಪವರ್ ಅಂದರೆ 746 ವ್ಯಾಟ್. ಅಂದರೆ ಬ್ಯಾಟರಿಯಿಂದ ಹೊರಡುವಾಗಲೇ ಒಂದು ಎಚ್‌ಪಿ ಇಲ್ಲ, ನೀರಿಗೆ ತಲುಪುವಾಗ ಇನ್ನೂ ಕಮ್ಮಿ. 9.9 ಎಚ್‌ಪಿಯ ಔಟ್‌ಬೋರ್ಡ್ ಜತೆ ಇದನ್ನು ತೂಗಿ ನೋಡುವುದೇ ತಪ್ಪು. ಕಂಪನಿಗಳ ಸಾಮಾನ್ಯ ಲೆಕ್ಕ: ತುಂಬಿದ ದೋಣಿಯ ಪ್ರತಿ 100 ಪೌಂಡಿಗೆ, ಅಂದರೆ 45 ಕಿಲೋಗೆ, 2 ಪೌಂಡ್ ಶಕ್ತಿ. ನನ್ನ ದೋಣಿ, ಇಬ್ಬರು ಜನ, ಬ್ಯಾಟರಿ, ಐಸ್ ಪೆಟ್ಟಿಗೆ ಎಲ್ಲ ಸೇರಿ 400 ಕಿಲೋ ಅಂತ ಇಟ್ಟುಕೊಂಡರೂ 18 ಪೌಂಡ್ ಸಾಕು. ಆದರೆ ಆ ಲೆಕ್ಕ ನಿಂತ ನೀರಿನ ಕೆರೆಗೆ. ಮಧ್ಯಾಹ್ನ ಮೇಲೆ ಪಡುಗಾಳಿ ಎದ್ದು, ಇಳಿತವೂ ಸೇರಿಕೊಳ್ಳುವ ನಮ್ಮ ಹೊಳೆಗೆ ಆ ಲೆಕ್ಕದ ಎರಡು-ಮೂರು ಪಟ್ಟು ಬೇಕು. 30 ಪೌಂಡಿನದ್ದು ಅಗ್ಗಕ್ಕೆ ಸಿಗುತ್ತದೆ ಅಂತ ಹೋಗಬೇಡಿ.

ಕಟ್ಟುವುದು ಸುಲಭ, ದೋಣಿಯ ಹಿಂಬದಿ ಚಪ್ಪಟೆ ಇದ್ದರೆ. ಎರಡು ಸ್ಕ್ರೂ ಬಿಗಿದರೆ ಕ್ಲಾಂಪ್ ಹಿಡಿದುಕೊಳ್ಳುತ್ತದೆ. ಹಳೆಯ ನಾಡದೋಣಿಗೆ ಎರಡೂ ತುದಿ ಚೂಪು. ಅದಕ್ಕೆ ಅಡ್ಡ ಒಂದು ಹಲಗೆ ಹಾಕಿ ಬದಿಯಲ್ಲಿ ನೇತುಹಾಕಬೇಕು, ಆಗ ಮೋಟರು ಒಂದು ಬದಿಗೆ ಎಳೆಯುವುದು ಸಹಜ, ಹಿಡಿಯನ್ನು ಸ್ವಲ್ಪ ಓರೆ ಇಟ್ಟು ಸರಿಮಾಡಿಕೊಳ್ಳಬೇಕು. ಫ್ಯಾನಿನ ಮೇಲೆ ಕಮ್ಮಿಯೆಂದರೆ ಒಂದಡಿ ನೀರು ಇರಲಿ. ಇಲ್ಲದಿದ್ದರೆ ಗಾಳಿ ಎಳೆದುಕೊಂಡು ಬುರಬುರ ಸದ್ದು ಮಾಡುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. ಕ್ಲಾಂಪ್ ಎಷ್ಟೇ ಬಿಗಿದರೂ ಒಂದು ಹಗ್ಗ ಕಟ್ಟಿಯೇ ಇಡಿ. ಕಂಪನಕ್ಕೆ ಸ್ಕ್ರೂ ಸಡಿಲ ಆಗುತ್ತದೆ, ಕೆಸರಿನ ಹೊಳೆಯಲ್ಲಿ ಬಿದ್ದ ಮೋಟರನ್ನು ಹುಡುಕುವುದು ಯಾರಿಂದಲೂ ಆಗದ ಕೆಲಸ.

ಇನ್ನು ಮುಖ್ಯ ವಿಷಯ. ಈ ಮೋಟರಿನ ಬಗ್ಗೆ ನಾನು ಕೇಳಿದ ಹತ್ತು ದೂರುಗಳಲ್ಲಿ ಎಂಟು ಮೋಟರಿನದ್ದೇ ಅಲ್ಲ. "ಪವರ್ ಇಲ್ಲ", "ಹೊಸದರಲ್ಲಿ ಚೆನ್ನಾಗಿತ್ತು, ಈಗ ಎಳೆಯುವುದಿಲ್ಲ", "ಬ್ಯಾಟರಿ ಫುಲ್ ಉಂಟು ಆದರೂ ಲೈಟು ಕೆಂಪು ತೋರಿಸ್ತದೆ": ಎಲ್ಲ ವಯರಿನ ಕತೆ. 12 ವೋಲ್ಟಿನಲ್ಲಿ 50 ಆಂಪಿಯರ್ ಹರಿಸುವುದು ತಮಾಷೆಯಲ್ಲ. ತೆಳು ವಯರು ಹಾಕಿದರೆ ಅರ್ಧ ಇಂಚಿನ ಪೈಪಿನಲ್ಲಿ ಇಡೀ ತೋಟಕ್ಕೆ ನೀರು ಬಿಟ್ಟ ಹಾಗೆ.

ಮೋಟರಿನ ಜತೆ ಬರುವುದು ಮೊಸಳೆ ಬಾಯಿಯ ಕ್ಲಿಪ್ಪು. ಅದು ಅಂಗಡಿಯಲ್ಲಿ ತೋರಿಸುವುದಕ್ಕೆ ಸರಿ. ನಾನು ತೂಕ ಸಮ ಆಗಲಿ ಅಂತ ಬ್ಯಾಟರಿಯನ್ನು ದೋಣಿಯ ಮುಂಭಾಗದಲ್ಲಿ ಇಡುವವನು. ಅಲ್ಲಿಂದ ಹಿಂದಕ್ಕೆ 3 ಮೀಟರ್, ಹೋಗಿ ಬರುವ ದಾರಿ 6 ಮೀಟರ್. 6 ಚದರ ಮಿ.ಮೀ. ತಾಮ್ರದ ವಯರಿನಲ್ಲಿ 50 ಆಂಪಿಯರ್ ಹೋದರೆ ಆ ದಾರಿಯಲ್ಲೇ ಹತ್ತಿರ ಹತ್ತಿರ 1 ವೋಲ್ಟ್ ಕಳೆದುಹೋಗುತ್ತದೆ. 4 ಚದರದ್ದಾದರೆ 1.4 ವೋಲ್ಟ್. 16 ಚದರದ್ದಾದರೆ 0.35 ಮಾತ್ರ. ಕಂಪನಿ ಕೊಟ್ಟ ಕ್ಲಿಪ್ಪು, ಜತೆಗೆ 6 ಚದರದ ಎಕ್ಸ್‌ಟೆನ್ಶನ್ ಇಟ್ಟು ಫುಲ್ ಸ್ಪೀಡಿನಲ್ಲಿ ಅಳೆದಾಗ ಬ್ಯಾಟರಿಯ ತಲೆಯಲ್ಲಿ 12.9, ಮೋಟರಿನ ಬಾಯಲ್ಲಿ 11.7. ಕ್ಲಿಪ್ಪು ಮುಟ್ಟಿದರೆ ಬೆರಳು ಸುಡುವಷ್ಟು ಬಿಸಿ. ಕ್ಲಿಪ್ಪು ಕತ್ತರಿಸಿ ತೆಗೆದು, 16 ಚದರದ ವಯರಿಗೆ ತಾಮ್ರದ ಲಗ್ (ಬೋಲ್ಟು ತೂರಿಸುವ ತೂತಿನ ತುದಿ) ಒತ್ತಿ, ನಟ್ ಬೋಲ್ಟಿನಲ್ಲಿ ಬಿಗಿದ ಮೇಲೆ ಅದೇ ಮೋಟರು, ಅದೇ ಬ್ಯಾಟರಿ, 12.5 ಬಂತು. ಮೊಬೈಲ್ ಜಿಪಿಎಸ್ಸಿನಲ್ಲಿ ಗಂಟೆಗೆ ಅರ್ಧ ಕಿಲೋಮೀಟರಿನಷ್ಟು ವೇಗ ಏರಿತು. ಮೋಟರಿಗೆ ಕೈ ಹಾಕಿಯೇ ಇಲ್ಲ.

ಅಳೆಯುವ ರೀತಿ ಗೊತ್ತಿರಲಿ: ಮೋಟರು ಓಡುತ್ತಿರುವಾಗಲೇ ಅಳೆಯಬೇಕು. ಸುಮ್ಮನೆ ನಿಂತಾಗ ಮಲ್ಟಿಮೀಟರ್ ಇಟ್ಟರೆ ಕೊಳೆತ ವಯರೂ 12.8 ತೋರಿಸುತ್ತದೆ. ನಮ್ಮ ಕರಾವಳಿಯ ಗಾಳಿಗೆ ಸಾದಾ ತಾಮ್ರದ ಎಳೆ ಪ್ಲಾಸ್ಟಿಕ್ಕಿನ ಒಳಗೇ ಕಪ್ಪಾಗುತ್ತದೆ, ಹೊರಗೆ ನೋಡಿದರೆ ಹೊಚ್ಚ ಹೊಸದು. ಕಲಾಯಿ ಹಾಕಿದ ತಾಮ್ರದ ವಯರು ಸಿಕ್ಕಿದರೆ ಅದನ್ನೇ ತೆಗೆದುಕೊಳ್ಳಿ, ಲಗ್ಗಿನ ಕುತ್ತಿಗೆಗೆ ಅಂಟು ಇರುವ ಹೀಟ್‌ಶ್ರಿಂಕ್ ಹಾಕಿ. ಟರ್ಮಿನಲ್‌ಗೆ ವ್ಯಾಸಲಿನ್ ಸವರಿ, ಆದರೆ ಬಿಗಿದ ಮೇಲೆ. ಮೊದಲು ಸವರಿ ಆಮೇಲೆ ಬಿಗಿಯುವುದಲ್ಲ. ಚಿಟ್ಟೆ ನಟ್ಟು ಇದ್ದರೆ ತೆಗೆದು ನೈಲಾನ್ ಹಿಡಿತದ ನಟ್ಟು ಹಾಕಿ.

ಬ್ಯಾಟರಿಯ ಹತ್ತಿರ, ಆರು ಅಡಿಯ ಒಳಗೆ, 60 ಆಂಪಿಯರಿನ ಡಿಸಿ ಬ್ರೇಕರ್ ಕಡ್ಡಾಯ. ಮನೆಯ ಎಸಿ ಎಂಸಿಬಿ ಮಿಕ್ಕಿದ್ದು ಉಂಟಲ್ಲ ಅಂತ ಅದನ್ನು ಹಾಕುವವರಿದ್ದಾರೆ. ಡಿಸಿಯಲ್ಲಿ ಕಿಡಿ ಬೇಗ ಆರುವುದಿಲ್ಲ, ಎಂಸಿಬಿ ಒಳಗೇ ಕರಗಿ ಅಂಟಿಕೊಂಡರೆ ಫ್ಯೂಸೇ ಇಲ್ಲದ ಹಾಗೆ. ಫ್ಯಾನಿಗೆ ಬಲೆ ಸಿಕ್ಕಿ ಮೋಟರು ನಿಂತುಬಿಟ್ಟಾಗ ಕರೆಂಟು ಎಷ್ಟು ಏರುತ್ತದೆ ಅಂತ ಯೋಚಿಸಿ, ಆಮೇಲೆ ಎಂಸಿಬಿ ಹಾಕಬೇಕೋ ಬೇಡವೋ ನೋಡಿ.

ಬ್ಯಾಟರಿ. ಕಾರಿನ ಬ್ಯಾಟರಿ ಇದಕ್ಕಲ್ಲ. ಅದರ ಪ್ಲೇಟು ತೆಳು, ಒಂದು ಕ್ಷಣಕ್ಕೆ ಜೋರಾಗಿ ಕೊಟ್ಟು ಮತ್ತೆ ಚಾರ್ಜ್ ಆಗಲಿಕ್ಕೆ ಮಾಡಿದ್ದು. ಪದೇ ಪದೇ ಪೂರ್ತಿ ಖಾಲಿ ಮಾಡಿದರೆ ಒಂದು ಸೀಸನ್ ಬಾಳಿಕೆ ಬರುವುದೂ ಕಷ್ಟ. ಇನ್ವರ್ಟರಿನ ಟ್ಯೂಬುಲರ್ ಆಗಬಹುದು, ಆದರೆ 150 ಆಂಪಿಯರ್-ಅವರ್ ಅಂದರೆ 150 ಎಎಚ್‌ನದ್ದು ಒಬ್ಬ ಮನುಷ್ಯನಷ್ಟು ಭಾರ, ಎತ್ತರವೂ ಜಾಸ್ತಿ, ಸಣ್ಣ ದೋಣಿ ವಾಲಿದರೆ ಆಸಿಡ್ ಚೆಲ್ಲುತ್ತದೆ. ಅದರ ಮೇಲೆ ಬರೆದ ಎಎಚ್ ನಿಧಾನಕ್ಕೆ, ಹತ್ತಿಪ್ಪತ್ತು ಗಂಟೆಯಲ್ಲಿ ಖಾಲಿ ಮಾಡಿದಾಗಿನ ಲೆಕ್ಕ. 50 ಆಂಪಿಯರ್ ಎಳೆದರೆ ಅಷ್ಟು ಕೊಡುವುದಿಲ್ಲ, ಅರ್ಧಕ್ಕಿಂತ ಕೆಳಗೆ ಇಳಿಸಲೂ ಬಾರದು. 100 ಎಎಚ್ ಲೆಡ್ ಬ್ಯಾಟರಿಯಿಂದ ಫುಲ್ ಸ್ಪೀಡಿನಲ್ಲಿ ಒಂದು ಗಂಟೆಯೂ ಧೈರ್ಯವಾಗಿ ಓಡಿಸುವ ಹಾಗಿಲ್ಲ.

ನಾನು ಹಾಕಿದ್ದು ಲಿಥಿಯಂ ಐರನ್ ಫಾಸ್ಫೇಟ್, 12.8 ವೋಲ್ಟ್, 100 ಎಎಚ್. ತೂಕ 12 ಕಿಲೋದ ಆಸುಪಾಸು, ಒಂದು ಕೈಯಲ್ಲಿ ಎತ್ತಿಕೊಂಡು ದಡ ಇಳಿಯಬಹುದು. ಕ್ಲಾಂಪ್ ಮೀಟರ್ ಇಟ್ಟು ನೋಡಿದಾಗ ಮೊದಲನೆಯ ಸ್ಪೀಡಿಗೆ ಹತ್ತು-ಹನ್ನೊಂದು ಆಂಪಿಯರ್, ಮೂರನೆಯದಕ್ಕೆ ಇಪ್ಪತ್ತರ ಹತ್ತಿರ, ಐದನೆಯದಕ್ಕೆ ನಲವತ್ತೇಳು-ನಲವತ್ತೆಂಟು. ಮೂರರಲ್ಲೇ ಇಟ್ಟುಕೊಂಡರೆ ನೂರಕ್ಕೆ 20 ಭಾಗ ಚಾರ್ಜ್ ಉಳಿಸಿಯೂ ನಾಲ್ಕು ಗಂಟೆ ನಿಶ್ಚಿಂತೆ. ಐದರಲ್ಲೇ ಓಡಿಸಿದರೆ ಒಂದೂವರೆ ಗಂಟೆಯ ಮೇಲೆ ಆಕಾಶ ನೋಡಬೇಕು. "ಒಂದು ಚಾರ್ಜಿನಲ್ಲಿ ಇಡೀ ದಿನ" ಅಂತ ಜಾಹೀರಾತಿನಲ್ಲಿ ಬರೆಯುವವರು ಯಾವ ಸ್ಪೀಡಿನಲ್ಲಿ ಅಂತ ಬರೆಯುವುದಿಲ್ಲ.

ಲಿಥಿಯಂ ಹಾಕುವವರು ಎರಡು ವಿಷಯ ನೋಡಿಕೊಳ್ಳಿ. ಒಂದು, ಒಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) 100 ಆಂಪಿಯರ್ ತಾಳುವಂಥದ್ದು ಇರಬೇಕು. 50ರದ್ದಾದರೆ ಫುಲ್ ಸ್ಪೀಡ್ ಕೊಟ್ಟ ಕೂಡಲೇ ಕಟ್ ಆಗುತ್ತದೆ, ಜನ ಮೋಟರು ಸುಟ್ಟಿತು ಅಂತ ತಿಳಿಯುತ್ತಾರೆ. ಇನ್ನೊಂದು, ಮೋಟರಿನ ತಲೆಯ ಮೇಲಿನ ಹಸಿರು-ಕೆಂಪು ಲೈಟನ್ನು ನಂಬಬೇಡಿ. ಅದು ಲೆಡ್ ಬ್ಯಾಟರಿಯ ವೋಲ್ಟೇಜಿಗೆ ಮಾಡಿದ ಲೆಕ್ಕ. ಲಿಥಿಯಂನ ವೋಲ್ಟೇಜ್ ಕೊನೆಯ ತನಕ ಹೆಚ್ಚುಕಡಿಮೆ ಒಂದೇ ಸಮ ನಿಲ್ಲುತ್ತದೆ. ಲೈಟು ಪೂರ್ತಿ ಹಸಿರು, ಹಸಿರು, ಹಸಿರು, ಆಮೇಲೆ ಏನೂ ಇಲ್ಲ. ಹೋದ ಆಂಪಿಯರನ್ನು ಎಣಿಸುವ ಶಂಟ್ ಮೀಟರ್ ಒಂದು ಹಾಕಿಕೊಳ್ಳಿ, ಎಷ್ಟು ಹೋಯಿತು ಎಷ್ಟು ಉಳಿಯಿತು ಸರಿಯಾಗಿ ತೋರಿಸುತ್ತದೆ. ಚಾರ್ಜರ್ 14.6 ವೋಲ್ಟಿನ ಲಿಥಿಯಂ ಚಾರ್ಜರೇ ಆಗಬೇಕು.

ಹೊಳೆಯಲ್ಲಿ ಹೇಗೆ? ಇಲ್ಲಿ ಮೋಟರಿಗೆ ಪೂರ್ಣ ಮಾರ್ಕು. ಕೆಮ್ಮಣ್ಣಿನ ತೂಗುಸೇತುವೆಯಿಂದ ಕೆಳಗೆ, ಕುದ್ರುವಿನ ಅಂಚಿಗೆ ಎರಡನೆಯ ಸ್ಪೀಡಿನಲ್ಲಿ ಹೋಗುತ್ತಿದ್ದರೆ ಸದ್ದೇ ಇಲ್ಲ. ಔಟ್‌ಬೋರ್ಡ್ ಹಾಕಿಕೊಂಡು ಹೋದರೆ ಕಾಂಡ್ಲಾ ಬುಡದ ಕೆಂಬೇರಿ ಒಳಗೆ ಸರಿದು ಕೂರುತ್ತದೆ, ಮತ್ತೆ ಹೊರಗೆ ಬರಲು ಹೊತ್ತು ಬೇಕು. ಇದರಲ್ಲಿ ಬೇರಿನಿಂದ ಒಂದು ಎಸೆತದ ದೂರದಲ್ಲಿ, ನೀರಿನ ಎಳೆತಕ್ಕೆ ಎದುರಾಗಿ ಮುಖ ಮಾಡಿ, ಹಿಡಿಯನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ದೋಣಿಯನ್ನು ನಿಂತಲ್ಲೇ ನಿಲ್ಲಿಸಬಹುದು. ಲಂಗರು ಹಾಕುವ, ಎತ್ತುವ ತಂಟೆ ಇಲ್ಲ. ಪ್ಲಗ್ (ಮೀನಿನಂತೆ ಕಾಣುವ ಕೃತಕ ಗಾಳ) ಎಳೆದುಕೊಂಡು ಹೋಗುವುದಕ್ಕೆ ಮೂರನೆಯ ಸ್ಪೀಡು ಸರಿ. ಹಿಡಿ ತೀರಾ ಗಟ್ಟಿ ಅನಿಸಿದರೆ ದಂಡದ ಕಾಲರಿನಲ್ಲಿ ಒಂದು ತಿರುಪು ಉಂಟು, ಅದನ್ನು ಸ್ವಲ್ಪ ಸಡಿಲಿಸಿ. ಕೈ ಬಿಟ್ಟರೆ ತಾನಾಗಿ ತಿರುಗದಷ್ಟು ಬಿಗಿ ಉಳಿಯಲಿ.

ಫುಲ್ ಸ್ಪೀಡಿನಲ್ಲಿ ನಿಂತ ನೀರಿನಲ್ಲಿ ನನಗೆ ಸಿಗುವುದು ಗಂಟೆಗೆ 6 ಕಿಲೋಮೀಟರ್. ಬ್ಯಾಟರಿ ಎರಡು ಇಟ್ಟರೂ ಇದು ಏರುವುದಿಲ್ಲ, ಫ್ಯಾನಿನ ತಿರುಚು ಅಷ್ಟಕ್ಕೇ ಮಾಡಿದ್ದು. ಸ್ವರ್ಣಾ, ಸೀತಾ ಎರಡೂ ಕೂಡಿ ಕೋಡಿ ಬೆಂಗ್ರೆ–ಹಂಗಾರಕಟ್ಟೆ ನಡುವೆ ಸಮುದ್ರಕ್ಕೆ ಹೊರಡುವ ಜಾಗದಲ್ಲಿ, ಹುಣ್ಣಿಮೆ-ಅಮಾವಾಸ್ಯೆಯ ಇಳಿತದ ಹೊತ್ತಿಗೆ ನೀರು ಸೆಕೆಂಡಿಗೆ ಒಂದು ಮೀಟರ್ ಎಳೆದರೂ ಗಂಟೆಗೆ 3.6 ಕಿಲೋಮೀಟರ್ ಆಯಿತು. ಒಂದೂವರೆ ಮೀಟರ್ ಎಳೆದರೆ 5.4. ಉಳಿಯುವುದೆಷ್ಟು, ಕಳೆದು ನೋಡಿ. ಮೋಟರು ಗರಗರ ತಿರುಗುತ್ತಿರುತ್ತದೆ, ದಡದ ತೆಂಗಿನಮರ ಮಾತ್ರ ಇದ್ದಲ್ಲೇ ಇರುತ್ತದೆ. ಅಳಿವೆ ಬಾಗಿಲಿನ ಹತ್ತಿರ ಇದೊಂದನ್ನೇ ನಂಬಿ ಹೋಗುವುದು ಜೀವದ ಜತೆ ಆಟ. ಹಾಗಾಗಿ ಇಳಿತದ ಜತೆ ಕೆಳಗೆ ಹೋಗಿ, ಭರತ ಹತ್ತಿದ ಮೇಲೆ ಅದರ ಜತೆಯಲ್ಲೇ ಮೇಲೆ ಬರಬೇಕು. ಭರತ ದಿನಾ ಐವತ್ತು ನಿಮಿಷದಷ್ಟು ತಡವಾಗುತ್ತಾ ಹೋಗುತ್ತದೆ, ಹಿರಿಯರಿಗೆ ಇದು ತಿಥಿ ಕೇಳಿದರೆ ಗೊತ್ತಾಗುತ್ತದೆ. ಜೂನ್-ಜುಲೈಯಲ್ಲಿ ಕಡಲಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಆಗ ಹೊಳೆಗೆ ಇಳಿಯೋಣ ಅಂತ ಹಲವರಿಗೆ ಆಸೆ. ನೆರೆನೀರಿಗೆ ಈ ಮೋಟರು ಬೇಡ. ಲೈಫ್ ಜಾಕೆಟ್, ಒಂದು ಹುಟ್ಟು ಯಾವಾಗಲೂ ದೋಣಿಯಲ್ಲಿ.

ಈಗ ಕೈಕೊಟ್ಟಾಗ ಎಂತ ನೋಡುವುದು ಅಂತ. ಪೂರ್ತಿ ಸತ್ತಿದ್ದರೆ ಬ್ರೇಕರ್, ಲಗ್ಗು, ಪ್ಲಗ್ಗು ಈ ಕ್ರಮದಲ್ಲಿ ನೋಡಿ. ನೂರಕ್ಕೆ ತೊಂಬತ್ತು ಅಲ್ಲೇ ಹಸಿರು ಕಿಲುಬು ಹಿಡಿದಿರುತ್ತದೆ. ಮೋಟರು ಗುಯ್ ಅನ್ನುತ್ತದೆ, ದೋಣಿ ಕದಲುವುದಿಲ್ಲ ಅಂದರೆ ಫ್ಯಾನಿನ ಪಿನ್ನು ತುಂಡಾಗಿದೆ. ಕಲ್ಲಿಗೋ ಮರದ ಬೊಡ್ಡೆಗೋ ಹೊಡೆದಾಗ ಶಾಫ್ಟು ಬಾಗದಿರಲಿ ಅಂತ ಅದು ತುಂಡಾಗುವುದೇ ಅದರ ಕೆಲಸ. ಸ್ಪೇರ್ ಪಿನ್ನು, ಒಂದು ಸ್ಪ್ಯಾನರ್ ಜೇಬಿನಲ್ಲಿರಲಿ. ಪಿನ್ನಿನ ಬದಲಿಗೆ ಗಟ್ಟಿ ಉಕ್ಕಿನ ಡ್ರಿಲ್ ಬಿಟ್ಟು ತುಂಡು ಮಾಡಿ ಹಾಕಿದ ಬುದ್ಧಿವಂತರೊಬ್ಬರು ಬಾಗಿದ ಆರ್ಮೇಚರ್ ಹಿಡಿದುಕೊಂಡು ನನ್ನಲ್ಲಿಗೇ ಬಂದಿದ್ದರು.

ಒಂದರಿಂದ ನಾಲ್ಕರ ತನಕ ಸ್ಪೀಡೇ ಇಲ್ಲ, ಐದಕ್ಕೆ ಹಾಕಿದರೆ ಮಾತ್ರ ಒಮ್ಮೆಲೇ ಓಡುತ್ತದೆ: ಇದು ತುಂಬಾ ಜನರನ್ನು ತಲೆ ಕೆಡಿಸುವ ದೋಷ. ಕಾರಣ ಸರಳ. ಇಂಥ ಐದು ಸ್ಪೀಡಿನ ಮೋಟರಿನಲ್ಲಿ ಕೆಳಗಿನ ಸ್ಪೀಡುಗಳಿಗೆ ಕರೆಂಟು ಒಂದು ತಂತಿ ಕಾಯಿಲ್ ಮೂಲಕ ಬರುತ್ತದೆ, ಸ್ವಲ್ಪ ಶಕ್ತಿ ಅಲ್ಲೇ ಬಿಸಿಯಾಗಿ ಹೋಗುತ್ತದೆ. ಐದನೆಯದಕ್ಕೆ ಮಾತ್ರ ನೇರ. ಕಾಯಿಲ್ ಸುಟ್ಟರೆ ಐದು ಮಾತ್ರ ಉಳಿಯುತ್ತದೆ. ಕಾರಿನ ಎಸಿ ಬ್ಲೋವರಿನಲ್ಲಿ ರೆಸಿಸ್ಟರ್ ಹೋದಾಗ ಆಗುವುದೂ ಇದೇ. ನನ್ನ ಮೋಟರಿನಲ್ಲಿ ಆ ಕಾಯಿಲ್ ಕೆಳಗಿನ ಗುಂಡಿನ ಒಳಗೇ ಉಂಟು, ಹೊಳೆನೀರೇ ಅದಕ್ಕೆ ತಂಪು. ಅಂಗಳದಲ್ಲಿ ನಿಂತು "ಓಡ್ತದಾ ನೋಡುವ" ಅಂತ ಗಾಳಿಯಲ್ಲಿ ಬಹಳ ಹೊತ್ತು ತಿರುಗಿಸುವವರು ಸ್ವತಃ ಕಾಯಿಲ್ ಸುಡುತ್ತಾರೆ.

ಹಿಡಿ ತಿರುಗಿಸುವಾಗ ಮಾತ್ರ ಬಂದ್ ಆಗಿ ಮತ್ತೆ ಓಡಿದರೆ ದಂಡದ ಒಳಗಿನ ವಯರು ತಿರುಚಿ ಸವೆದಿದೆ. ನಡುಕ ಬಂದರೆ ಫ್ಯಾನಿನ ಅಲಗು ನೋಡಿ, ಆಮೇಲೆ ಶಾಫ್ಟು. ಫಿಶ್ ಫೈಂಡರಿನ ಪರದೆಯಲ್ಲಿ ಗೆರೆ ಗೆರೆ ಬಂದರೆ ಅದಕ್ಕೆ ಬೇರೆಯೇ ಸಣ್ಣ ಬ್ಯಾಟರಿ ಕೊಡಿ, ಜಗಳ ಮುಗಿಯಿತು.

ಮೋಟರು ಒಳಗಿಂದ ಚೆನ್ನಾಗಿದೆಯೋ ಅಂತ ಬಿಚ್ಚದೆ ತಿಳಿಯುವ ಉಪಾಯ ಒಂದುಂಟು. ಬ್ಯಾಟರಿಯಿಂದ ಎರಡೂ ವಯರು ಬಿಡಿಸಿ, ಸ್ವಿಚ್ಚು ಐದರಲ್ಲಿ ಇಟ್ಟು, ಫ್ಯಾನನ್ನು ಕೈಯಲ್ಲಿ ತಿರುಗಿಸಿ. ಅಯಸ್ಕಾಂತದ ಸಣ್ಣ ತಡೆತ ಬಿಟ್ಟರೆ ಹಗುರವಾಗಿ ತಿರುಗಬೇಕು. ಈಗ ವಯರಿನ ಎರಡು ತುದಿ ಒಂದಕ್ಕೊಂದು ಮುಟ್ಟಿಸಿ ಹಿಡಿದು ಮತ್ತೆ ತಿರುಗಿಸಿ. ಗಟ್ಟಿಯಾಗಬೇಕು, ಮೋಟರು ಡೈನಮೋ ಆಗಿ ತನ್ನನ್ನೇ ತಡೆಯುತ್ತದೆ. ಗಟ್ಟಿಯಾಯಿತು ಅಂದರೆ ಬ್ರಶ್ಶು, ಆರ್ಮೇಚರ್, ವಯರು ಎಲ್ಲ ಕೂಡಿಕೊಂಡಿವೆ, ದೋಷ ಬ್ಯಾಟರಿ ಕಡೆ. ಏನೂ ವ್ಯತ್ಯಾಸ ಇಲ್ಲದಿದ್ದರೆ ಎಲ್ಲೋ ತುಂಡಾಗಿದೆ. ವಯರು ಮುಟ್ಟಿಸದೆಯೂ ಗಟ್ಟಿಯಿದ್ದರೆ ಒಳಗೆ ಶಾರ್ಟು, ಅಥವಾ ನೀರು ಹೋಗಿ ತುಕ್ಕು ಹಿಡಿದಿದೆ.

ನೀರು ಹೋಗುವುದೇ ಈ ಮೋಟರಿನ ನಿಜವಾದ ಕಾಯಿಲೆ, ಅದಕ್ಕೆ ಕಾರಣ ತಂಗೂಸು, ಅಂದರೆ ನೈಲಾನ್ ದಾರ. ನಮ್ಮ ಹೊಳೆಯಲ್ಲಿ ಹರಿದ ಬಲೆಯ ತುಂಡಿಗೆ ಬರವಿಲ್ಲ. ಫ್ಯಾನಿಗೆ ಸಿಕ್ಕಿದ ತಂಗೂಸು ಹಿಂದೆ ಸರಿದು ಶಾಫ್ಟಿಗೆ ಸುತ್ತಿಕೊಳ್ಳುತ್ತದೆ, ಹೊರಗೆ ಕಾಣುವುದೇ ಇಲ್ಲ, ಮೋಟರು ಓಡುತ್ತಲೇ ಇರುತ್ತದೆ. ಕಳೆದ ಮಳೆಗಾಲ ಮುಗಿದ ಮೇಲೆ ಒಂದು ದಿನ ಶೆಡ್ಡಿನಲ್ಲಿ ನೇತುಹಾಕಿದ ಮೋಟರಿನ ಫ್ಯಾನಿನ ಬುಡದಿಂದ ಚಹಾ ಬಣ್ಣದ ನೀರು ತೊಟ್ಟಿಕ್ಕಿತ್ತು. ಫ್ಯಾನು ತೆಗೆದರೆ ಒಳಗೆ ತಂಗೂಸು ಸುತ್ತಿ ಸುತ್ತಿ, ಬಿಸಿಗೆ ಕರಗಿ, ಗಟ್ಟಿ ಉಂಗುರವೇ ಆಗಿತ್ತು. ಬ್ಲೇಡಿನಲ್ಲಿ ಕೊಯ್ದು ತೆಗೆದ ಮೇಲೆ ಕಂಡಿತು, ಶಾಫ್ಟಿನ ಸುತ್ತ ನೀರು ತಡೆಯುವ ರಬ್ಬರ್ ಸೀಲಿನ ತುಟಿ ಪೂರ್ತಿ ಕತ್ತರಿಸಿದೆ.

ಮಾರಿದವರಿಗೆ ಫೋಟೋ ಕಳಿಸಿದೆ. "ಉಪ್ಪುನೀರಿನಲ್ಲಿ ಬಳಸಿದ್ದೀರಿ, ವಾರಂಟಿ ಬರುವುದಿಲ್ಲ" ಅಂತ ಉತ್ತರ. ಉಪ್ಪುನೀರಿಗೆ ಆಗುತ್ತದೆ ಅಂತ ಅವರದೇ ಪೆಟ್ಟಿಗೆಯ ಮೇಲೆ ಅಚ್ಚಾಗಿದೆ ಮಾರಾಯ್ರೆ! ಅದರ ಫೋಟೋವನ್ನೂ ಕಳಿಸಿದೆ, ಆಮೇಲೆ ಉತ್ತರವೇ ಇಲ್ಲ. ಸೇವೆಗೆ ಸೊನ್ನೆ ಮಾರ್ಕು. ಸೀಲ್ ಕಿಟ್ ಕೂಡ ಅವರಲ್ಲಿ ಇಲ್ಲ.

ನಾನೇ ಬಿಚ್ಚಿದೆ. ಕವಚ ಮತ್ತು ಮುಚ್ಚಳಕ್ಕೆ ಒಂದು ಗುರುತು ಕೊರೆದುಕೊಂಡು, ಹಿಂದಿನ ಎರಡು ಉದ್ದ ಬೋಲ್ಟು ತೆಗೆದರೆ ಸಾಕು. ಆರ್ಮೇಚರನ್ನು ಅಯಸ್ಕಾಂತ ಬಿಡುವುದಿಲ್ಲ, ಬೆರಳು ಜೋಪಾನ. ಒಳಗೆ ಕಾರ್ಬನ್ ಪುಡಿ, ಉಪ್ಪುನೀರು ಸೇರಿ ಕಪ್ಪು ರಾಡಿ. ಬ್ರಶ್ಶು ಉಜ್ಜುವ ಕಮ್ಯುಟೇಟರಿನ ತಾಮ್ರದ ಅಂಚಿನಲ್ಲಿ ಕಿಲುಬು. ಸಿಹಿನೀರಿನಲ್ಲಿ ತೊಳೆದು, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಂದು ರಟ್ಟಿನ ಪೆಟ್ಟಿಗೆಯೊಳಗೆ 60 ವ್ಯಾಟಿನ ಹಳೇ ಬಲ್ಬು ಉರಿಸಿ ರಾತ್ರಿಯಿಡೀ ಒಣಗಿಸಿದೆ. ಬೆಳಿಗ್ಗೆ ಟೆಸ್ಟ್ ಲ್ಯಾಂಪಿನಲ್ಲಿ ಕಮ್ಯುಟೇಟರಿನಿಂದ ಶಾಫ್ಟಿಗೆ ನೋಡಿದರೆ ಲೈಟು ಬರಲಿಲ್ಲ, ಅಂದರೆ ವೈಂಡಿಂಗ್ ಬದುಕಿದೆ. ಕಮ್ಯುಟೇಟರ್ ಉಜ್ಜಲು ನಯವಾದ ಸ್ಯಾಂಡ್‌ಪೇಪರ್; ಎಮರಿ ಬಟ್ಟೆ ಬೇಡ, ಅದರ ಪುಡಿ ಸಂದಿಯಲ್ಲಿ ಕೂತು ಕರೆಂಟು ಹಾಯಿಸುತ್ತದೆ. ಸಂದಿ ಕೆರೆಯಲು ಮುರಿದ ಹ್ಯಾಕ್ಸಾ ಬ್ಲೇಡು.

ಸೀಲು ಸಿಕ್ಕಿದ್ದು ಮಂಗಳೂರಿನ ಬಂದರಿನಲ್ಲಿ, ಬೇರಿಂಗ್ ಅಂಗಡಿಯಲ್ಲಿ. ಸೀಲಿನ ಮೈಮೇಲೆ ಮೂರು ಸಂಖ್ಯೆ ಅಚ್ಚಾಗಿರುತ್ತದೆ: ಒಳ ಅಳತೆ, ಹೊರ ಅಳತೆ, ದಪ್ಪ. ಅದು ಇದ್ದರೆ ಯಾವ ಕಂಪನಿಯ ಮೋಟರು ಅಂತ ಹೇಳುವ ಅಗತ್ಯವೂ ಇಲ್ಲ. ಕೇಳುವಾಗ ಸ್ಟೇನ್‌ಲೆಸ್ ಸ್ಪ್ರಿಂಗ್ ಇರುವುದನ್ನೇ ಕೇಳಿ. ಸಾದಾ ಸೀಲಿನ ಒಳಗಿನ ಸ್ಪ್ರಿಂಗ್ ಉಕ್ಕಿನದ್ದು, ಉಪ್ಪುನೀರಿಗೆ ಪುಡಿಪುಡಿ. ಸ್ಪ್ರಿಂಗ್ ಇರುವ ಬದಿ ನೀರಿನ ಕಡೆಗೆ, ತುಟಿಗೆ ಗ್ರೀಸು. ಓ-ರಿಂಗ್ ಹೊಸದು ಹಾಕಿ ಕಟ್ಟಿ, ನೀಲಿ ಡ್ರಮ್ಮಿನಲ್ಲಿ ನೀರು ತುಂಬಿ ಮೊದಲ ಸ್ಪೀಡಿನಲ್ಲಿ ಓಡಿಸಿ ನೋಡಿದೆ. ಖರ್ಚು ಒಂದು ಕಿಲೋ ಬಂಗುಡೆಯ ಹಣಕ್ಕಿಂತ ಕಮ್ಮಿ. ಈಗ ಪ್ರತಿ ಸಲ ದಡಕ್ಕೆ ಬಂದ ಮೇಲೆ ಫ್ಯಾನು ಬಿಚ್ಚಿ ಶಾಫ್ಟು ನೋಡದೆ ಮನೆಗೆ ಹೋಗುವುದಿಲ್ಲ.

ಉಪ್ಪಿನ ಮಾತು ಬಂದದ್ದಕ್ಕೆ ಆನೋಡ್ ಬಗ್ಗೆಯೂ ಹೇಳಬೇಕು. ಫ್ಯಾನಿನ ನಟ್ಟಿನ ಜಾಗದಲ್ಲಿ ಸತುವಿನ ತುಂಡು ಇರುತ್ತದೆ. ಮೋಟರಿನ ಲೋಹದ ಬದಲಿಗೆ ತಾನು ಸವೆಯುವುದು ಅದರ ಕೆಲಸ. ಅರ್ಧ ಸವೆದಾಗ ಬದಲಿಸಿ, ಪೇಂಟ್ ಹೊಡೆಯಬೇಡಿ. ಆದರೆ ನಮ್ಮ ಹೊಳೆ ವರ್ಷವಿಡೀ ಒಂದೇ ಥರ ಇಲ್ಲ. ಮಳೆಗಾಲದಲ್ಲಿ ಸಿಹಿ, ಬೇಸಿಗೆಯಲ್ಲಿ ಬಜೆ ಅಣೆಕಟ್ಟಿನಿಂದ ಕೆಳಗೆ ಬರುವ ನೀರು ಕಮ್ಮಿಯಾಗಿ ಉಪ್ಪು ಮೇಲಕ್ಕೆ ಏರುತ್ತದೆ. ಇಂಥ ಸಪ್ಪೆ-ಉಪ್ಪು ನೀರಿನಲ್ಲಿ ಸತುವಿನ ಮೇಲೆ ಬಿಳಿ ಪದರ ಕಟ್ಟಿ ಅದು ಕೆಲಸ ನಿಲ್ಲಿಸುತ್ತದೆ. ಅಲ್ಯೂಮಿನಿಯಂ ಆನೋಡ್ ಹಾಕುವುದು ಉತ್ತಮ. ಮೋಟರನ್ನು ನೀರಿನಲ್ಲಿ ಬಿಟ್ಟು ಮನೆಗೆ ಹೋಗುವವರಿಗೆ ಯಾವ ಆನೋಡೂ ಸಹಾಯ ಮಾಡುವುದಿಲ್ಲ. ಎತ್ತಿ, ಸಿಹಿನೀರಿನಲ್ಲಿ ತೊಳೆದು, ವಯರು ಬಿಡಿಸಿ ಇಡಬೇಕು.

ಕೊಳ್ಳುವವರಿಗೆ: ದೊಡ್ಡ ಕಂಪನಿಯದ್ದೇ ಬೇಕು ಅನ್ನುವವರು ಮಾಡೆಲ್ ನೋಡಿ ತೆಗೆದುಕೊಳ್ಳಿ. ಮಿನ್ ಕೋಟಾದವರ ಎಂಡ್ಯೂರಾ ಸಿಹಿನೀರಿಗೆ, ರಿಪ್‌ಟೈಡ್ ಉಪ್ಪುನೀರಿಗೆ. ಅಗ್ಗಕ್ಕೆ ಸಿಕ್ಕಿತು ಅಂತ ಮೊದಲನೆಯದನ್ನು ತಂದು ಬೆಂಗ್ರೆಯ ನೀರಿಗೆ ಇಳಿಸಬೇಡಿ. ಸ್ಪೀಡ್ ಕಾಯಿಲ್ ಬದಲಿಗೆ ಪಿಡಬ್ಲ್ಯುಎಂ (ಕರೆಂಟನ್ನು ಬೇಗ ಬೇಗ ಬಿಟ್ಟು ಹಿಡಿದು ವೇಗ ಇಳಿಸುವ ಸರ್ಕ್ಯೂಟ್) ಇರುವುದು ಸಿಕ್ಕಿದರೆ ಕೆಳಗಿನ ಸ್ಪೀಡುಗಳಲ್ಲಿ ಬ್ಯಾಟರಿ ಚೆನ್ನಾಗಿ ಉಳಿಯುತ್ತದೆ, ಫುಲ್ ಸ್ಪೀಡಿನಲ್ಲಿ ಏನೂ ಲಾಭ ಇಲ್ಲ. ನನ್ನದಕ್ಕೂ ಹೊರಗಿನಿಂದ ಒಂದು ಹಾಕುವ ಅಂದಾಜು ಉಂಟು, ಅದರ ಹೀಟ್‌ಸಿಂಕನ್ನು ಉಪ್ಪುಗಾಳಿಯಿಂದ ಉಳಿಸುವ ಪೆಟ್ಟಿಗೆ ಇನ್ನೂ ಸಿಕ್ಕಿಲ್ಲ. ಮೋಟರಿಗೆ ಐದರಲ್ಲಿ ನಾಲ್ಕು. ಜತೆಗೆ ಬಂದ ವಯರು, ಕ್ಲಿಪ್ಪಿಗೆ ಒಂದು, ಅದೂ ಕ್ಲಿಪ್ಪು ಈಗ ಶೆಡ್ಡಿನಲ್ಲಿ ಟೆಸ್ಟ್ ಲ್ಯಾಂಪಿಗೆ ಉಪಯೋಗ ಆಗುತ್ತಿರುವುದಕ್ಕೆ.